‘ಪೇಷೆಂಟ್ ಕಡೆಯವರು ಯಾರು?’: ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಯ ಅನುಭವ ರೂಪುಗೊಳ್ಳುವ ಬಗೆ

ನನ್ನ ತಾಯಿ ಸೊಂಟದ ಮೂಳೆ ಮುರಿದುಕೊಂಡು ಒಂದು ಜಿಲ್ಲಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಹನ್ನೊಂದು ದಿನ ಮಲಗಿದ್ದರು. ಪಕ್ಕದ ಹಾಸಿಗೆಯಲ್ಲಿ ಜಾರಿ ಬಿದ್ದು ಮೊಣಕೈ ಮುರಿದುಕೊಂಡ, ಅರವತ್ತು ದಾಟಿದ ಅಜ್ಜಿಯೊಬ್ಬರಿದ್ದರು, ಜೊತೆಯಲ್ಲಿ ಮಗ. ಒಂದು ಸಂಜೆ ಸಿಸ್ಟರ್ ಬಂದು, ‘ನಾಳೆ ಅಜ್ಜಿಗೆ ಆಪರೇಷನ್, ರಾತ್ರಿ ಹನ್ನೆರಡರ ಮೇಲೆ ಏನೂ ಕೊಡಬೇಡಿ, ನೀರೂ ಬೇಡ’ ಎಂದು ಹೇಳಿ ಹೋದರು. ಮರುದಿನ ಬೆಳಿಗ್ಗೆ ಅಜ್ಜಿಗೆ ಹಸಿರು ಬಟ್ಟೆ ತೊಡಿಸಿದರು. ಹತ್ತಾಯಿತು, ಹನ್ನೆರಡಾಯಿತು, ಊಟದ ಗಾಡಿ ಬಂದು ಹೋಯಿತು. ನಾಲ್ಕು ಗಂಟೆಯ ಹೊತ್ತಿಗೆ ಯಾರೋ ಬಾಗಿಲಿನಿಂದಲೇ ‘ಇವತ್ತು ಆಗಲ್ಲ, ಊಟ ಕೊಡಿ’ ಎಂದು ಕೂಗಿದರು. ಎರಡನೆಯ ದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಆಪರೇಷನ್ ನಡೆಯಿತು, ಚೆನ್ನಾಗಿಯೇ ನಡೆಯಿತು. ಮೂಳೆಗೆ ಹಾಕಿದ ಪ್ಲೇಟ್ ಕೂತಿದೆ, ಬೆರಳುಗಳು ಆಡುತ್ತಿವೆ ಎಂದು ವೈದ್ಯರು ಸಮಾಧಾನದಿಂದ ಹೇಳಿದರು.

ಊರಿನಿಂದ ನೋಡಲು ಬಂದವರ ಮುಂದೆ ಅಜ್ಜಿ ಪ್ಲೇಟಿನ ಮಾತನ್ನೇ ಎತ್ತಲಿಲ್ಲ. ‘ಎರಡು ದಿನ ನೀರೂ ಕೊಡದೆ ಮಲಗಿಸಿದ್ರು, ಯಾಕೆ ಅಂತ ಒಬ್ರೂ ಹೇಳಲಿಲ್ಲ’ ಎಂದರು, ಬಂದ ಪ್ರತಿಯೊಬ್ಬರಿಗೂ ಅದನ್ನೇ ಹೇಳಿದರು. ಕಾರಣ ನನಗೆ ಆಮೇಲೆ ತಿಳಿಯಿತು. ಆ ಎರಡೂ ದಿನ ರಸ್ತೆ ಅಪಘಾತದ ಕೇಸುಗಳು ಬಂದು ಇದ್ದೊಂದು ಥಿಯೇಟರನ್ನು ಹಿಡಿದಿದ್ದವು, ಅರಿವಳಿಕೆ ಕೊಡುವ ವೈದ್ಯರು ಒಬ್ಬರೇ ಇದ್ದರು. ಸಾಯುವ ಸ್ಥಿತಿಯಲ್ಲಿದ್ದವರನ್ನು ಮೊದಲು ತೆಗೆದುಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಅಜ್ಜಿಗೂ ಅದು ಅರ್ಥವಾಗುತ್ತಿತ್ತು, ಯಾರಾದರೂ ಹೇಳಿದ್ದರೆ.

ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ರೋಗಿಗಳ ಆಸ್ಪತ್ರೆಯ ಅನುಭವವನ್ನು ಯಾವುದು ರೂಪಿಸುತ್ತದೆ ಎಂಬ ಪ್ರಶ್ನೆಗೆ ಕಟ್ಟಡ, ಯಂತ್ರ, ಔಷಧಿ, ವೈದ್ಯರ ಸಂಖ್ಯೆ ಎಂದು ಉತ್ತರ ಕೊಡುವುದು ವಾಡಿಕೆ. ಅವೆಲ್ಲವೂ ನಿಜವೇ. ಆದರೆ ಒಂದು ಚಿಕಿತ್ಸೆಗೂ ಇನ್ನೊಂದಕ್ಕೂ ನಡುವೆ ಇರುವ ಉದ್ದದ ಖಾಲಿ ಹೊತ್ತಿನಲ್ಲಿ, ಮುಂದೇನಾಗುತ್ತದೆಂದು ತಿಳಿಯದೆ ಕೂತಿರುವಾಗ, ಅನುಭವದ ಬಹುಪಾಲು ರೂಪುಗೊಳ್ಳುತ್ತದೆ ಎಂಬುದನ್ನು ವಾರ್ಡಿನಲ್ಲಿ ಇದ್ದವರು ಬಲ್ಲರು. ಅದು ಹೀಗೇಕೆ ಎಂದು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಆಸ್ಪತ್ರೆಯ ಗುಣಮಟ್ಟವನ್ನು ಅಳೆಯುವ ಕ್ರಮವನ್ನು ಶಾಸ್ತ್ರೀಯವಾಗಿ ಯೋಚಿಸಿದವರಲ್ಲಿ ಮೊದಲು ನೆನೆಯಬೇಕಾದವರು, ಬೈರೂತಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ವೈದ್ಯ ಅವೆಡಿಸ್ ಡೊನಬೇಡಿಯನ್. 1966ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಅವರು ಮೂರು ನೆಲೆಗಳನ್ನು ಗುರುತಿಸಿದರು: ಆಸ್ಪತ್ರೆಯಲ್ಲಿ ಏನಿದೆ, ಅಲ್ಲಿ ಏನು ನಡೆಯುತ್ತದೆ, ಕೊನೆಗೆ ರೋಗಿಗೆ ಏನಾಗುತ್ತದೆ. ಸರ್ಕಾರಗಳು ಸಾಮಾನ್ಯವಾಗಿ ಮೊದಲನೆಯದನ್ನು ಎಣಿಸುತ್ತವೆ, ಏಕೆಂದರೆ ಹಾಸಿಗೆ ಮತ್ತು ಕಟ್ಟಡ ಲೆಕ್ಕಕ್ಕೆ ಸುಲಭವಾಗಿ ಸಿಗುತ್ತವೆ. ವೈದ್ಯರು ಮೂರನೆಯದನ್ನು ನೋಡುತ್ತಾರೆ, ಏಕೆಂದರೆ ಅವರ ವಿದ್ಯೆಯ ಪರೀಕ್ಷೆ ಅಲ್ಲಿದೆ. ರೋಗಿಯಾದರೋ ಆಸ್ಪತ್ರೆಯಲ್ಲಿ ಇರುವಷ್ಟು ದಿನವೂ ಬದುಕುವುದು ಆ ನಡುವಿನ ನೆಲೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2000ದ ತನ್ನ ವಾರ್ಷಿಕ ವರದಿಯಲ್ಲಿ ಈ ನಡುವಿನ ನೆಲೆಯನ್ನು ‘ಸ್ಪಂದನೆ’ ಎಂಬ ಅರ್ಥದ ಹೆಸರಿನಲ್ಲಿ ಒಂದು ಪ್ರತ್ಯೇಕ ಗುರಿಯಾಗಿ ನಿಲ್ಲಿಸಿತು. ಘನತೆಯಿಂದ ನಡೆಸಿಕೊಳ್ಳುವುದು, ಗುಟ್ಟು ಕಾಯುವುದು, ತನ್ನ ಮೈಗೆ ಏನಾಗಬೇಕೆಂಬುದರಲ್ಲಿ ರೋಗಿಗೂ ಮಾತಿರುವುದು, ತಡಮಾಡದೆ ನೋಡುವುದು, ಶುಚಿಯಾದ ಜಾಗ, ಬಂಧುಬಳಗದ ಒಡನಾಟ, ವೈದ್ಯರನ್ನು ಆರಿಸಿಕೊಳ್ಳುವ ಅವಕಾಶ ಇವು ಅದರೊಳಗೆ ಬರುತ್ತವೆ. ರೋಗ ವಾಸಿಯಾಗಲಿ ಆಗದಿರಲಿ, ಇವು ರೋಗಿಗೆ ತಮ್ಮಷ್ಟಕ್ಕೆ ಸಲ್ಲಬೇಕಾದವು ಎಂಬ ಆ ವರದಿಯ ನಿಲುವು ಆರೋಗ್ಯ ಆಡಳಿತದಲ್ಲಿ ಸಣ್ಣ ತಿರುವೇನಲ್ಲ.

ಹಾಗಾದರೆ ರೋಗಿಗಳನ್ನೇ ಕೇಳಿದರಾಯಿತಲ್ಲ ಎನ್ನಿಸಬಹುದು. ಇಲ್ಲೊಂದು ತೊಡಕಿದೆ. ಡಿಸ್ಚಾರ್ಜಿನ ಹಿಂದಿನ ದಿನ ಹುಡುಗನೊಬ್ಬ ಫಾರ್ಮ್ ಹಿಡಿದು ಬಂದು ‘ಸೇವೆ ಹೇಗಿತ್ತು ಅಮ್ಮಾ?’ ಎಂದು ಕೇಳಿದಾಗ ನನ್ನ ತಾಯಿ ‘ದೇವರಂಥ ಜನಪ್ಪ’ ಎಂದುಬಿಟ್ಟರು. ಹಿಂದಿನ ರಾತ್ರಿ ಬೆಡ್‌ಪ್ಯಾನಿಗಾಗಿ ಮುಕ್ಕಾಲು ಗಂಟೆ ಕಾದು ಅತ್ತವರೂ ಅವರೇ. ಅದು ಸುಳ್ಳಲ್ಲ. ಉಚಿತವಾಗಿ ಆಪರೇಷನ್ ಮಾಡಿದವರ ಬಗ್ಗೆ ಕೃತಜ್ಞತೆ ಇತ್ತು, ನಾಳೆ ಮತ್ತೆ ಡ್ರೆಸಿಂಗ್ ಮಾಡುವವರೂ ಇವರೇ ಎಂಬ ಎಚ್ಚರವೂ ಇತ್ತು. ಇದಕ್ಕಿಂತ ಆಳವಾದ ಕಾರಣ ಒಂದು ಪದದಲ್ಲಿದೆ. ನಮ್ಮ ಹಿರಿಯರು ಸರ್ಕಾರಿ ಆಸ್ಪತ್ರೆಯನ್ನು ‘ಧರ್ಮಾಸ್ಪತ್ರೆ’ ಎಂದು ಕರೆಯುತ್ತಿದ್ದರು, ಇಂದಿಗೂ ಹಳ್ಳಿಗಳಲ್ಲಿ ಆ ಮಾತು ಕೇಳುತ್ತದೆ. ಧರ್ಮಕ್ಕೆ ಸಿಕ್ಕಿದ್ದರಲ್ಲಿ ಕೊರತೆ ಎಣಿಸಬಾರದು ಎಂಬ ಸಂಕೋಚ ಆ ಪದದೊಳಗೇ ಕೂತಿದೆ. ಆಸ್ಪತ್ರೆ ನಡೆಯುವುದು ತಾನು ಸೋಪಿಗೂ ಬೆಂಕಿಪೊಟ್ಟಣಕ್ಕೂ ಕೊಟ್ಟ ತೆರಿಗೆಯಿಂದ ಎಂದು ತಿಳಿದವರು ಕೇಳುವ ದನಿಯೇ ಬೇರೆ.

ಅಮರ್ತ್ಯ ಸೇನ್ ಅವರು 2002ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದಕ್ಕೆ ಹತ್ತಿರದ ವಿಷಯವನ್ನು ಎತ್ತಿ ತೋರಿಸಿದ್ದರು. ನಿಮಗೆ ಕಾಯಿಲೆ ಇದೆಯೇ ಎಂದು ಜನರನ್ನೇ ಕೇಳಿದರೆ, ಆಯುಷ್ಯದಲ್ಲಿ ದೇಶದ ಮುಂಚೂಣಿಯಲ್ಲಿರುವ ಕೇರಳದ ಜನ ಹೆಚ್ಚು ಕಾಯಿಲೆ ಹೇಳುತ್ತಾರೆ, ಆರೋಗ್ಯದಲ್ಲಿ ಹಿಂದುಳಿದ ಬಿಹಾರದ ಜನ ಕಡಿಮೆ ಹೇಳುತ್ತಾರೆ. ಶಿಕ್ಷಣವೂ ಆಸ್ಪತ್ರೆಯೂ ಕೈಗೆಟಕಿದಾಗ ಮಾತ್ರ ಮನುಷ್ಯ ತನ್ನ ನೋವನ್ನು ‘ಇದು ಸರಿಯಾಗಬೇಕಾದದ್ದು’ ಎಂದು ಗುರುತಿಸುತ್ತಾನೆ. ಆಸ್ಪತ್ರೆಯ ತೃಪ್ತಿಗೂ ಇದೇ ಮಾತು ಅನ್ವಯಿಸುತ್ತದೆ. ಆದ್ದರಿಂದ ಅನುಭವವನ್ನು ಅಳೆಯುವವರು ‘ತೃಪ್ತಿಯಾಯಿತೇ’ ಎಂದು ಕೇಳುವುದಕ್ಕಿಂತ, ‘ವೈದ್ಯರು ನಿಮ್ಮ ಕಾಯಿಲೆಯ ಹೆಸರು ಹೇಳಿದರೇ, ಪರೀಕ್ಷೆ ಮಾಡುವಾಗ ಪರದೆ ಎಳೆದರೇ, ಕರೆದ ಎಷ್ಟು ಹೊತ್ತಿಗೆ ಸಿಸ್ಟರ್ ಬಂದರು’ ಎಂದು ನಡೆದದ್ದನ್ನೇ ಕೇಳುವುದು ಒಳ್ಳೆಯದು. ಅದನ್ನೂ ವಾರ್ಡಿನಲ್ಲಿ ಕೇಳದೆ, ಮನೆಗೆ ಹೋದ ಮೇಲೆ ಕೇಳಬೇಕು.

ಇನ್ನು ಹೊತ್ತಿನ ವಿಷಯ. ಹಳ್ಳಿಯಿಂದ ಬರುವವರ ಆಸ್ಪತ್ರೆಯ ದಿನ ಓಪಿಡಿಯ ಬಾಗಿಲಲ್ಲಿ ಶುರುವಾಗುವುದಿಲ್ಲ. ಬೆಳಗಿನ ಮೊದಲ ಬಸ್ಸಿನಲ್ಲಿ ಶುರುವಾಗುತ್ತದೆ. ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದ್ದೂ ಹೋಯಿತು. ಚೀಟಿ ಮಾಡಿಸಲು ಒಂದು ಸಾಲು, ವೈದ್ಯರ ಕೋಣೆಯ ಮುಂದೆ ಇನ್ನೊಂದು, ರಕ್ತ ಕೊಡಲು ಮತ್ತೊಂದು, ಮಾತ್ರೆಗೆ ಕೊನೆಯದು. ರಿಪೋರ್ಟ್ ಸಿಗುವ ಹೊತ್ತಿಗೆ ಓಪಿಡಿ ಮುಗಿದಿದ್ದರೆ ನಾಳೆ ಮತ್ತೆ ಬಸ್ಸು. ಬಾಂಗ್ಲಾದೇಶದ ಹಳ್ಳಿಗಾಡಿನ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ತುಂಬ ಉಪಯುಕ್ತ. ಅಲ್ಲಿ ವೈದ್ಯರು ಒಬ್ಬ ರೋಗಿಯನ್ನು ನೋಡುತ್ತಿದ್ದದ್ದು ಸರಾಸರಿ 2 ನಿಮಿಷ 22 ಸೆಕೆಂಡು, ಅದಕ್ಕಾಗಿ ರೋಗಿ ಕಾಯುತ್ತಿದ್ದದ್ದು ಸುಮಾರು ಅರ್ಧ ಗಂಟೆ. ರೋಗಿಗಳ ಮಟ್ಟಿಗೆ, ನೋಡುವ ಹೊತ್ತು ಹೆಚ್ಚುವುದಕ್ಕಿಂತ ಕಾಯುವ ಹೊತ್ತು ಕಡಿಮೆಯಾಗುವುದೇ ಮುಖ್ಯವಾಗಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಮರ್ಯಾದೆಯಿಂದ ಮಾತಾಡಿಸುವುದು; ವೈದ್ಯಕೀಯ ಜಾಣ್ಮೆಗಿಂತಲೂ ಅದು ರೋಗಿಗಳ ತೃಪ್ತಿಯನ್ನು ಹೆಚ್ಚು ನಿರ್ಧರಿಸುತ್ತಿತ್ತು.

ಇದನ್ನು ಓದಿ ‘ನೋಡಿ, ಜನಕ್ಕೆ ಒಳ್ಳೆಯ ವೈದ್ಯ ಯಾರೆಂದೇ ಗೊತ್ತಾಗುವುದಿಲ್ಲ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೊಟ್ಟ ಆಂಟಿಬಯಾಟಿಕ್ ಸರಿಯೇ ಎಂದು ತಿಳಿಯುವ ದಾರಿ ರೋಗಿಗಿಲ್ಲ, ನಿಜ. ತನ್ನ ಮಾತನ್ನು ಕೇಳಿಸಿಕೊಂಡರೇ ಎಂದು ತಿಳಿಯುವ ದಾರಿ ಖಂಡಿತ ಇದೆ, ಮತ್ತು ಕೇಳಿಸಿಕೊಳ್ಳದೆ ಮಾಡಿದ ರೋಗನಿರ್ಣಯ ತಪ್ಪುವ ಸಾಧ್ಯತೆಯೂ ಹೆಚ್ಚು. 67 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಪ್ರಾಥಮಿಕ ಹಂತದಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಹೊತ್ತು ಬಾಂಗ್ಲಾದೇಶದಲ್ಲಿ 48 ಸೆಕೆಂಡಿನಷ್ಟು ಕಡಿಮೆ, ಸ್ವೀಡನ್ನಿನಲ್ಲಿ 22.5 ನಿಮಿಷದಷ್ಟು ಹೆಚ್ಚು. ನಲವತ್ತೆಂಟು ಸೆಕೆಂಡಿನಲ್ಲಿ ಒಬ್ಬ ಮನುಷ್ಯ ಕೂತು, ಉಸಿರೆಳೆದುಕೊಂಡು, ‘ಮೂರು ದಿನದಿಂದ’ ಎನ್ನುವಷ್ಟರಲ್ಲಿ ಚೀಟಿ ಬರೆದಾಗಿರುತ್ತದೆ.

ಕೇಳಿಸಿಕೊಳ್ಳಲು ಭಾಷೆ ಬೇಕು. ಕನ್ನಡದಲ್ಲಿ ನೋವಿಗೆ ಎಷ್ಟೊಂದು ಹೆಸರುಗಳಿವೆ ಎಂಬುದನ್ನು ವಾರ್ಡಿನಲ್ಲಿ ಕೂತಾಗ ಗಮನಿಸಿದೆ: ಚಳುಕು, ಸೆಳೆತ, ತಿವಿತ, ಉರಿ, ಜೋಮು, ಹಿಂಡಿದಂತೆ, ಹಿಡಿದುಕೊಂಡಂತೆ. ಉತ್ತರ ಕರ್ನಾಟಕದವರು ‘ಹೊಟ್ಟಿ ಕಡಿಯಾಕತ್ತೈತಿ’ ಎಂದಾಗ ಅದು ತುರಿಕೆಯ ಮಾತಲ್ಲ, ಹೊಟ್ಟೆನೋವಿನ ಮಾತು. ಈ ಒಂದೊಂದು ಪದವೂ ನರ, ಸ್ನಾಯು, ಕರುಳು, ಎದೆ ಎಂದು ವೈದ್ಯರಿಗೆ ದಿಕ್ಕು ತೋರಿಸಬಲ್ಲದು. ಅಖಿಲ ಭಾರತ ಕೋಟಾದಲ್ಲಿ ದೂರದ ರಾಜ್ಯದಿಂದ ಬಂದ ಪಿಜಿ ವಿದ್ಯಾರ್ಥಿ ಆರು ತಿಂಗಳಲ್ಲಿ ‘ಎಲ್ಲಿ ನೋವು? ಎಷ್ಟು ದಿನದಿಂದ?’ ಎನ್ನುವುದನ್ನು ಕಲಿತಿರುತ್ತಾರೆ, ಅದು ಅವರ ಶ್ರಮಕ್ಕೆ ಸಲ್ಲಬೇಕಾದ ಮೆಚ್ಚುಗೆ. ಆದರೆ ಉತ್ತರವಾಗಿ ಬರುವ ಚಳುಕು, ಜೋಮು, ಉರಿಗಳೆಲ್ಲ ಅವರ ಕಾಗದದಲ್ಲಿ ‘ಪೇಯ್ನ್’ ಎಂಬ ಒಂದೇ ಪದವಾಗಿ ಇಳಿಯುತ್ತವೆ. ಭಾಷೆ ಬಂದರೂ ಲೋಕದೃಷ್ಟಿ ಹೊಂದದಿರಬಹುದು. ನಮ್ಮ ರೋಗಿ ಮಾತ್ರೆ ಕೈಗೆ ಬಂದ ಮೇಲೆ ತಪ್ಪದೆ ಕೇಳುವ ಪ್ರಶ್ನೆ ‘ಪಥ್ಯ ಏನು ಮಾಡ್ಬೇಕು ಸಾರ್?’. ‘ಪಥ್ಯ ಏನಿಲ್ಲ, ಎಲ್ಲ ತಿನ್ನಿ’ ಎಂಬ ಉತ್ತರ ವೈದ್ಯಶಾಸ್ತ್ರದ ಪ್ರಕಾರ ಸರಿಯಿದ್ದರೂ, ಕೇಳಿದವರಿಗೆ ಅರ್ಧ ಚಿಕಿತ್ಸೆ ಕೊಟ್ಟು ಕಳಿಸಿದಂತೆ ಆಗುತ್ತದೆ. ಪಥ್ಯದ ಪ್ರಶ್ನೆಯಲ್ಲಿ ‘ವಾಸಿಯಾಗಲು ನಾನೇನು ಮಾಡಬಹುದು’ ಎಂಬ ಕೋರಿಕೆ ಇದೆ. ಹಣ್ಣು, ಮೊಟ್ಟೆ, ಬೇಳೆಯ ಮಾತನ್ನು ಎರಡು ವಾಕ್ಯದಲ್ಲಿ ಹೇಳುವ ವೈದ್ಯರ ಕೋಣೆಯ ಮುಂದೆ ಸಾಲು ಯಾಕೆ ಉದ್ದವಿರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

‘ಪೇಷೆಂಟ್ ಕಡೆಯವರು ಯಾರು?’ ನಮ್ಮ ಯಾವ ಆಸ್ಪತ್ರೆಯ ವಾರ್ಡಿನಲ್ಲಾದರೂ ದಿನಕ್ಕೆ ಐವತ್ತು ಸಲ ಕೇಳುವ ಕೂಗು ಇದು. ಆ ಕಡೆಯವರು ಇಲ್ಲದಿದ್ದರೆ ನಮ್ಮ ಆಸ್ಪತ್ರೆಗಳು ಒಂದು ದಿನವೂ ನಡೆಯಲಾರವು. ಸ್ಕ್ಯಾನಿಂಗಿಗೆ ಸ್ಟ್ರೆಚರ್ ತಳ್ಳುವವರು, ರಕ್ತದ ಸ್ಯಾಂಪಲ್ಲನ್ನು ಲ್ಯಾಬಿಗೆ ಒಯ್ಯುವವರು, ಹೊರಗಿನಿಂದ ಬಿಸಿನೀರಿನ ಫ್ಲಾಸ್ಕ್ ತುಂಬಿಸಿ ತರುವವರು, ರಾತ್ರಿ ಮಗ್ಗುಲು ಬದಲಿಸುವವರು ಎಲ್ಲರೂ ಅವರೇ. ನನಗೆ ಮೊದಲ ರಾತ್ರಿ ಸಿಕ್ಕ ಕೆಲಸ ಗ್ಲೂಕೋಸ್ ಬಾಟಲಿ ಕಾಯುವುದು. ‘ಇಷ್ಟಕ್ಕೆ ಬಂದಾಗ ಕರೀರಿ’ ಎಂದು ಸಿಸ್ಟರ್ ಬಾಟಲಿಯ ಮೇಲೆ ಬೆರಳಿಟ್ಟು ತೋರಿಸಿ ಹೋದರು. ಖಾಲಿಯಾದ ಮೇಲೆ ಗಾಳಿ ಹೋದರೆ ಏನಾಗುತ್ತದೆ, ತೊಟ್ಟು ಬೀಳುವುದು ನಿಂತರೆ ಏನು ಮಾಡಬೇಕು ಎಂದು ಹೇಳಲು ಅವರಿಗೆ ಪುರಸೊತ್ತಿರಲಿಲ್ಲ. ರಾತ್ರಿ ಮೂರರವರೆಗೆ ತೊಟ್ಟು ಎಣಿಸುತ್ತ ಕಳೆದೆ. ಕೂರಲು ಸ್ಟೂಲ್ ಇರಲಿಲ್ಲ, ಹಾಸಿಗೆಯ ಕೆಳಗೆ ಚಾಪೆ ಹಾಸಿಕೊಂಡವರ ಕಾಲು ತುಳಿಯದಂತೆ ಗೋಡೆಗೆ ಒರಗಿ ನಿಂತಿದ್ದೆ. ಕೆಲಸವನ್ನೆಲ್ಲ ಮಾಡಿಸಿಕೊಂಡು, ಮಲಗಲು ಜಾಗ, ಶೌಚಾಲಯ, ಮಾಹಿತಿ ಯಾವುದನ್ನೂ ಕೊಡದ ಈ ವ್ಯವಸ್ಥೆಯಲ್ಲಿ ರೋಗಿಯ ಅನುಭವವೂ ಅವರ ಕಡೆಯವರ ಅನುಭವವೂ ಬೇರೆ ಬೇರೆಯಲ್ಲ. ಕೂಲಿ ಬಿಟ್ಟು ಬಂದ ಮಗನ ಮುಖ ನೋಡಿ ‘ನನ್ನಿಂದ ಇವನಿಗೆ ಎಷ್ಟು ತೊಂದರೆ’ ಎಂದು ಅಜ್ಜಿ ಪಟ್ಟ ಸಂಕಟವೂ ಆಕೆಯ ಕಾಯಿಲೆಯ ಭಾಗವೇ ಆಗಿತ್ತು.

ಈ ಕಡೆಯವರನ್ನೇ ಬಲವಾಗಿ ಮಾಡಿಕೊಂಡ ಉದಾಹರಣೆಗಳಿವೆ ಎಂಬುದು ಸಂತೋಷದ ಸಂಗತಿ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ತೂಕ ಕಡಿಮೆಯಿರುವ ಶಿಶುಗಳಿಗೆ ಸಾಕಷ್ಟು ಇನ್‌ಕ್ಯುಬೇಟರುಗಳಿಲ್ಲದಿದ್ದಾಗ, ವೈದ್ಯ ಎಡ್ಗರ್ ರೇ ಮತ್ತು ಸಹೋದ್ಯೋಗಿಗಳು ಮಗುವನ್ನು ತಾಯಿಯ ಎದೆಗೇ ಕಟ್ಟಿ ಬೆಚ್ಚಗಿಡುವ ಕ್ರಮವನ್ನು ಶುರು ಮಾಡಿದರು. ಅದೇ ಇಂದಿನ ಕಾಂಗರೂ ತಾಯಿ ಆರೈಕೆ. ಘಾನಾ, ಭಾರತ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದ ಶಿಶುಗಳ ಸಾವು ಶೇ 25ರಷ್ಟು ಕಡಿಮೆಯಾಗಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಆರೈಕೆಯನ್ನು ಸರ್ಕಾರಿ ವ್ಯವಸ್ಥೆಯೊಳಗೆ ವಿಸ್ತರಿಸುವ ಕೆಲಸ ನಡೆದಿದೆ. ತಾಯಿಯನ್ನು ಗಾಜಿನ ಆಚೆ ನಿಲ್ಲಿಸದೆ ಒಳಗೆ ಕರೆದು ಕುರ್ಚಿ ಕೊಟ್ಟದ್ದು ಮಗುವಿನ ಪ್ರಾಣವನ್ನೂ ಉಳಿಸಿತು, ತಾಯಿಯ ಅನುಭವವನ್ನೂ ಬದಲಿಸಿತು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಮೊದಲು ಆರಂಭವಾದ ನೂರಾ ಹೆಲ್ತ್ ಸಂಸ್ಥೆಯ ತರಬೇತಿ ಇನ್ನೊಂದು ಉದಾಹರಣೆ. ರೋಗಿಯ ಮನೆಯವರನ್ನು ವಾರ್ಡಿನಲ್ಲೇ ಕೂರಿಸಿಕೊಂಡು, ಗಾಯ ಹೇಗೆ ನೋಡಿಕೊಳ್ಳಬೇಕು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ನರ್ಸುಗಳು ಕಲಿಸುವ ಈ ಪದ್ಧತಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೆ ಹರಡಿದೆ. ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಇದಕ್ಕೆ ಬೇಕಾಗಲಿಲ್ಲ.

ದುಡ್ಡಿನ ವಿಷಯವನ್ನು ಎಲ್ಲರೂ ಬಲ್ಲರು, ಆದರೆ ಅದು ಅನುಭವವನ್ನು ಕೆಡಿಸುವ ರೀತಿಯ ಬಗ್ಗೆ ಒಂದೆರಡು ಮಾತು ಬೇಕು. ಭಾರತದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ತಮ್ಮ ಜೇಬಿನಿಂದ ನೇರವಾಗಿ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ರಲ್ಲಿ ಶೇ 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಹೆರಿಗೆಯನ್ನು ಬಿಟ್ಟು, ಒಂದು ಸಲ ದಾಖಲಾಗಲು ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ ಖರ್ಚಾಗುತ್ತಿತ್ತು. ಮೊತ್ತದಷ್ಟೇ ಕಾಡುವುದು ಅದರ ಅನಿಶ್ಚಯ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ ಎಂಬುದು ಜನರಿಗೆ ಗೊತ್ತು. ಆದರೆ ಈ ಕಾಯಿಲೆ ಅದರ ಪಟ್ಟಿಯಲ್ಲಿದೆಯೇ, ಸರ್ಕಾರಿ ಆಸ್ಪತ್ರೆಯಿಂದ ರೆಫರ್ ಮಾಡಿಸಿಕೊಂಡು ಬರಬೇಕೇ, ರೇಷನ್ ಕಾರ್ಡಿನಲ್ಲಿ ಇರುವ ಹೆಸರಿಗೂ ಆಧಾರ್ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ಏನು ಗತಿ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ತುರ್ತಿನ ಗಳಿಗೆಯಲ್ಲಿ, ಕೌಂಟರಿನಲ್ಲಿ ನಿಂತಾಗ.

ಇದರ ಜೊತೆಗೆ ರಸೀದಿಯಿಲ್ಲದ ಖರ್ಚು ಬೇರೆ. ಗಾಲಿಕುರ್ಚಿ ತಳ್ಳಿದ್ದಕ್ಕೆ ‘ಕಾಫಿಗೆ’, ಮಗು ಹುಟ್ಟಿದ ಸುದ್ದಿ ಹೇಳಿದ್ದಕ್ಕೆ ‘ಖುಷಿಗೆ’ ಎಂದು ಕೈ ಚಾಚುವುದು, ಅದರಲ್ಲೂ ಗಂಡಾದರೆ ಇಷ್ಟು ಹೆಣ್ಣಾದರೆ ಇಷ್ಟು ಎಂಬ ದರವಿರುವುದು ಬಾಣಂತಿಯರ ಮನೆಯವರು ನೊಂದು ಹೇಳುವ ಮಾತು. ಕೊಟ್ಟ ಮೊತ್ತ ಸಣ್ಣದಿರಬಹುದು. ಕೊಡದಿದ್ದರೆ ನಮ್ಮವರನ್ನು ನೋಡಿಕೊಳ್ಳುತ್ತಾರೋ ಇಲ್ಲವೋ ಎಂಬ ಭಯ ಸಣ್ಣದಲ್ಲ. ಆ ಕೈ ಚಾಚಿದವರೂ ಬಹುಮಟ್ಟಿಗೆ ಹೊರಗುತ್ತಿಗೆಯ ಮೇಲೆ, ತಿಂಗಳುಗಟ್ಟಲೆ ತಡವಾಗಿ ಬರುವ ಸಂಬಳಕ್ಕೆ ದುಡಿಯುವವರು ಎಂಬುದನ್ನು ಇಲ್ಲಿಯೇ ಹೇಳಬೇಕು. ಕೀನ್ಯಾ, ನೈಜೀರಿಯಾ, ಕಾಂಗೋಗಳಂಥ ದೇಶಗಳಲ್ಲಿ ಬಿಲ್ಲು ಕಟ್ಟಲಾಗದ ಬಾಣಂತಿಯರನ್ನು ವಾರಗಟ್ಟಲೆ ಆಸ್ಪತ್ರೆಯಲ್ಲೇ ಹಿಡಿದಿಟ್ಟುಕೊಂಡ ಪ್ರಸಂಗಗಳು ದಾಖಲಾಗಿವೆ. ನಮ್ಮಲ್ಲಿ ಬಾಕಿಗಾಗಿ ಶವ ಕೊಡದೆ ಇಟ್ಟುಕೊಳ್ಳುವ ದೂರುಗಳು ಹೆಚ್ಚಾದ ಮೇಲೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ಕರ್ನಾಟಕ ಅದನ್ನು ನಿರ್ಬಂಧಿಸಿತು. ಇದಕ್ಕೆ ವಿರುದ್ಧವಾದ ಚಿತ್ರವೂ ನಮ್ಮ ನಾಡಿನಲ್ಲೇ ಇದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದ ಕಾಲದಲ್ಲಿ, ‘ಚಿಕಿತ್ಸೆ ಮೊದಲು, ಹಣ ಆಮೇಲೆ’ ಎಂಬ ನಿಯಮವನ್ನು ಪಾಲಿಸಿ ಹೆಸರು ಮಾಡಿತು. ಎದೆ ಹಿಡಿದುಕೊಂಡು ಬಂದವರ ಮನೆಯವರಿಗೆ ಆ ನಿಯಮ ಎಂಥ ಧೈರ್ಯ ಕೊಡುತ್ತದೆಂಬುದನ್ನು, ಅಡ್ವಾನ್ಸ್ ಕಟ್ಟಲು ಮಧ್ಯರಾತ್ರಿ ಫೋನು ಹಚ್ಚಿ ಸಾಲ ಕೇಳಿದವರು ಬಲ್ಲರು.

ಎಲ್ಲಕ್ಕಿಂತ ಹೆಚ್ಚು ಮನಸ್ಸು ಕಲಕುವ ಜಾಗ ಹೆರಿಗೆ ಕೋಣೆ. ಆಸ್ಪತ್ರೆಯಲ್ಲಿ ಹೆರುವವರಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ 2005ರಲ್ಲಿ ಬಂದಾಗ ದೇಶದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆಗಳು ಶೇ 39ರಷ್ಟಿದ್ದವು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಶೇ 89ರ ಸಮೀಪಕ್ಕೆ ಬಂದವು, ಕರ್ನಾಟಕದಲ್ಲಿ ಶೇ 97. ಇದು ದೊಡ್ಡ ಸಾಧನೆ. ಆದರೆ ಮನೆಯಲ್ಲಿ ಅವ್ವ, ಅಜ್ಜಿ, ಸೂಲಗಿತ್ತಿಯರ ನಡುವೆ ಹೆರುತ್ತಿದ್ದ ಹೆಣ್ಣುಮಗಳು ಈಗ ಅಪರಿಚಿತರ ನಡುವೆ, ಒಬ್ಬಳೇ, ಕೆಲವೊಮ್ಮೆ ಪರದೆಯೂ ಇಲ್ಲದ ಮೇಜಿನ ಮೇಲೆ ಹೆರುತ್ತಾಳೆ. ಘಾನಾ, ಗಿನಿ, ನೈಜೀರಿಯಾಗಳಲ್ಲಿ ಸಂಶೋಧಕರು ಹೆರಿಗೆ ಕೋಣೆಯಲ್ಲಿದ್ದುಕೊಂಡೇ ಗಮನಿಸಿದ 2,016 ಹೆಂಗಸರಲ್ಲಿ 838 ಮಂದಿ ಹೊಡೆತ, ಬೈಗುಳ ಅಥವಾ ತಾರತಮ್ಯವನ್ನು ಅನುಭವಿಸಿದ್ದರು ಎಂದು 2019ರ ಅಧ್ಯಯನ ವರದಿ ಮಾಡಿದೆ. ಹೆರಿಗೆಯ ಹಿಂದಿನ ಅರ್ಧ ಗಂಟೆ ಮತ್ತು ನಂತರದ ಕಾಲು ಗಂಟೆಯಲ್ಲಿ ಇದು ತೀವ್ರವಾಗಿತ್ತು. ಕಿರಿಯ ವಯಸ್ಸಿನ, ಕಡಿಮೆ ಓದಿದ ಹೆಂಗಸರೇ ಹೆಚ್ಚು ಗುರಿಯಾಗಿದ್ದರು. ಬಸುರಿ ಕೂಗಿಕೊಂಡಾಗ ಗದರಿಸುವ ಮಾತುಗಳು ನಮ್ಮ ಹೆಂಗಸರಿಗೂ ಹೊಸವಲ್ಲ. ಆ ಮಾತುಗಳನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಭಾರತ ಸರ್ಕಾರ 2016ರಲ್ಲಿ ಹೆರಿಗೆ ಕೋಣೆಯೊಳಗೆ ಹೆರಿಗೆಯ ಅನುಭವವಿರುವ ಹೆಣ್ಣೊಬ್ಬರು ಜೊತೆಗಿರಲು ಅನುಮತಿ ಕೊಟ್ಟಿತು. ಕೈ ಹಿಡಿಯಲು ತನ್ನವರೊಬ್ಬರು ಇದ್ದರೆ ನೋವೂ ಹಗುರವಾಗುತ್ತದೆ, ಗದರುವ ದನಿಯೂ ತಗ್ಗುತ್ತದೆ. ಎಷ್ಟೋ ಕಡೆ ಈ ಅನುಮತಿಯ ಬಗ್ಗೆ ಬಸುರಿಗೂ ಅವಳ ಅವ್ವನಿಗೂ ಇನ್ನೂ ತಿಳಿದೇ ಇಲ್ಲ.

ಗದರುವವರು ಯಾರು, ಯಾಕೆ ಗದರುತ್ತಾರೆ ಎಂದು ಕೇಳದೆ ಈ ವಿಷಯವನ್ನು ಮುಗಿಸಲಾಗದು. ನಮ್ಮ ವಾರ್ಡಿನಲ್ಲಿ 34 ಹಾಸಿಗೆಗಳಿದ್ದವು, ನೆಲದ ಮೇಲೆ ನಾಲ್ಕು. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್, ಒಬ್ಬರು ಆಯಾ. ಸಾಮಾನ್ಯ ವಾರ್ಡಿನಲ್ಲಿ ಐದು ಹಾಸಿಗೆಗೆ ಒಬ್ಬ ನರ್ಸ್ ಇರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಹೇಳುತ್ತದೆ. ಆ ಸಿಸ್ಟರ್ ಒಂದೊಂದು ಹಾಸಿಗೆಯ ಪಕ್ಕ ಐದೈದು ನಿಮಿಷ ನಿಂತು ಮಾತಾಡಿದರೆ ಕೊನೆಯ ಹಾಸಿಗೆಯವರ ಇಂಜೆಕ್ಷನ್ ಸುಮಾರು ಮೂರು ಗಂಟೆ ತಡವಾಗುತ್ತದೆ. ಹೀಗಿರುವಾಗ ಮಾತು ಕಡಿಮೆ ಮಾಡುವುದು, ದನಿ ಎತ್ತಿ ಒಂದೇ ಸಲಕ್ಕೆ ಕೆಲಸ ಮಾಡಿಸುವುದು ಅವರಿಗೆ ಪಾಳಿ ಮುಗಿಸುವ ಉಪಾಯವಾಗುತ್ತದೆ, ದಿನ ಕಳೆದಂತೆ ಅಭ್ಯಾಸವೂ ಆಗುತ್ತದೆ. ರೋಗಿ ಸತ್ತರೆ ಮೊದಲ ಏಟು ಬೀಳುವುದು ಸಿಸ್ಟರ್ ಮೇಲೆ ಅಥವಾ ಇಪ್ಪತ್ತಮೂರರ ಹೌಸ್‌ಸರ್ಜನ್ ಮೇಲೆ. ಅದಕ್ಕೆ ಹೆದರಿ ಅವರು ಇನ್ನಷ್ಟು ಕಡಿಮೆ ಮಾತಾಡುತ್ತಾರೆ, ಮಾತಿಲ್ಲದ್ದರಿಂದ ಅನುಮಾನ ಬೆಳೆಯುತ್ತದೆ. 2021-22ರಲ್ಲಿ ಆರೋಗ್ಯಕ್ಕೆ ಸರ್ಕಾರಗಳು ಮಾಡಿದ ಖರ್ಚು ದೇಶದ ಒಟ್ಟು ಉತ್ಪನ್ನದ ಶೇ 1.84. ಇದನ್ನು 2025ರೊಳಗೆ ಶೇ 2.5ಕ್ಕೆ ಒಯ್ಯುವುದು 2017ರ ರಾಷ್ಟ್ರೀಯ ಆರೋಗ್ಯ ನೀತಿಯ ಗುರಿಯಾಗಿತ್ತು. ಈ ಅಂಕಿ ನನಗೆ ಅಮೂರ್ತವಾಗಿ ಉಳಿದಿಲ್ಲ, ಆ ರಾತ್ರಿ ಪಾಳಿಯ ಒಬ್ಬರೇ ಸಿಸ್ಟರ್ ಅವರ ಮುಖವಾಗಿ ಕಾಣುತ್ತದೆ.

ಆದರೂ ಎಲ್ಲವನ್ನೂ ಕೊರತೆಯ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ಮಧ್ಯಪ್ರದೇಶದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಸಂಗಡಿಗರು ತರಬೇತಿ ಪಡೆದವರನ್ನು ರೋಗಿಗಳ ವೇಷದಲ್ಲಿ ಕಳಿಸಿ ನಡೆಸಿದ ಅಧ್ಯಯನದಲ್ಲಿ, ಅದೇ ಸರ್ಕಾರಿ ವೈದ್ಯರು ತಮ್ಮ ಖಾಸಗಿ ಕ್ಲಿನಿಕ್ಕಿನಲ್ಲಿ ಕೂತಾಗ ಹೆಚ್ಚು ಹೊತ್ತು ಕೊಟ್ಟರು, ಹೆಚ್ಚು ಪ್ರಶ್ನೆ ಕೇಳಿದರು, ಸರಿಯಾದ ಚಿಕಿತ್ಸೆ ಬರೆಯುವ ಸಾಧ್ಯತೆಯೂ ಹೆಚ್ಚಿತ್ತು. ವಿದ್ಯೆ ಒಂದೇ, ವೈದ್ಯರೂ ಒಬ್ಬರೇ. ಬದಲಾದದ್ದು ಯಾರಿಗೆ ಉತ್ತರ ಕೊಡಬೇಕು ಎಂಬುದು. ಜನ ಸಾಲ ಮಾಡಿಯಾದರೂ ಖಾಸಗಿಗೆ ಹೋಗುವುದರ ಹಿಂದೆ ಇದೇ ತಿಳಿವಳಿಕೆ ಇದೆ. ಅಲ್ಲಿ ಬೇಡದ ಪರೀಕ್ಷೆಗಳ, ಅರ್ಥವಾಗದ ಬಿಲ್ಲುಗಳ ಇನ್ನೊಂದು ಬಗೆಯ ಸಂಕಟವಿದೆ ಎಂಬುದು ಬೇರೆ ಮಾತು.

ಅನುಭವ ಕೆಟ್ಟರೆ ಮನಸ್ಸಿಗೆ ನೋವಾಗುತ್ತದೆ, ಅಷ್ಟೇ ತಾನೆ ಎಂದುಕೊಳ್ಳುವಂತಿಲ್ಲ. ಮಾರ್ಗರೆಟ್ ಕ್ರೂಕ್ ಅವರ ನೇತೃತ್ವದ ಅಂತರರಾಷ್ಟ್ರೀಯ ಆಯೋಗವೊಂದು 2018ರಲ್ಲಿ ಮಾಡಿದ ಅಂದಾಜಿನಂತೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ವರ್ಷಕ್ಕೆ ಸುಮಾರು 50 ಲಕ್ಷ ಜನ ಆಸ್ಪತ್ರೆ ತಲುಪಿದ ಮೇಲೂ ಗುಣಮಟ್ಟದ ಚಿಕಿತ್ಸೆ ಸಿಗದೆ ಸಾಯುತ್ತಾರೆ. ಆಸ್ಪತ್ರೆಗೇ ಬಾರದೆ ಸಾಯುವವರು 36 ಲಕ್ಷ. ಈ ಎರಡನೆಯ ಗುಂಪಿನಲ್ಲಿ, ಹಿಂದೊಮ್ಮೆ ಬಂದು ಬೈಸಿಕೊಂಡು ಹೋದವರು ಎಷ್ಟು ಜನ ಇದ್ದಾರೋ ಎಂದು ನಾನು ಯೋಚಿಸುತ್ತೇನೆ. ಕ್ಷಯದ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರು, ಎರಡನೆಯ ಹೆರಿಗೆಗೆ ನೋವು ಕಾಣಿಸಿಕೊಂಡರೂ ಮನೆಯಲ್ಲೇ ತಡೆದುಕೊಂಡವರು, ಸಕ್ಕರೆ ಕಾಯಿಲೆಯ ಗಾಯ ತೋರಿಸಲು ಹಿಂಜರಿದು ಬೆರಳು ಕಳೆದುಕೊಂಡವರು ಹಳ್ಳಿಗಳಲ್ಲಿ ಇದ್ದಾರೆ, ಕೇಳಿದರೆ ಕಾರಣವನ್ನೂ ಹೇಳುತ್ತಾರೆ.

ಅಜ್ಜಿಯ ಡಿಸ್ಚಾರ್ಜ್ ನಮಗಿಂತ ಎರಡು ದಿನ ಮೊದಲು ಆಯಿತು. ಕೈಗೆ ಬಂದ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಾಲ್ಕು ಬಗೆಯ ಮಾತ್ರೆ, ಒಂದೊಂದರ ಮುಂದೆ 1-0-1, 0-0-1 ಎಂದು ಬರೆದಿತ್ತು. ಔಷಧಿ ಕೊಡುವ ಕಿಟಕಿಯಲ್ಲಿ ಎಲ್ಲವನ್ನೂ ಒಂದೇ ಕವರಿಗೆ ಹಾಕಿ ಕೊಟ್ಟಿದ್ದರು. ಮಗ ಆ ಕಾಗದವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, ಕೊನೆಗೆ ನನ್ನ ಹತ್ತಿರ ತಂದು ‘ಇದರಲ್ಲಿ ಏನಂತ ಐತೆ ನೋಡಿ ಸಾರ್, ಕೈ ಯಾವಾಗ ಎತ್ತಬಹುದು ಅಂತ ಬರೆದವ್ರಾ?’ ಎಂದು ಕೇಳಿದ. ಬರೆದಿರಲಿಲ್ಲ. ಅಷ್ಟರಲ್ಲಿ ರಾತ್ರಿ ಪಾಳಿಯ ಸಿಸ್ಟರ್, ಪಾಳಿ ಮುಗಿಸಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟಿದ್ದವರು, ನಮ್ಮನ್ನು ನೋಡಿ ನಿಂತರು. ಕವರಿನಿಂದ ಮಾತ್ರೆಯ ಪಟ್ಟಿಗಳನ್ನು ತೆಗೆದು, ಒಂದರ ಬೆನ್ನಿಗೆ ಪೆನ್ನಿನಿಂದ ಸೂರ್ಯನನ್ನೂ ಇನ್ನೊಂದರ ಬೆನ್ನಿಗೆ ಚಂದ್ರನನ್ನೂ ಬರೆದರು. ಎರಡು ಹೊತ್ತಿನ ಮಾತ್ರೆಗೆ ಎರಡನ್ನೂ ಬರೆದರು. ‘ಊಟ ಆದ್ಮೇಲೆ ತಗೋಬೇಕು ಅಜ್ಜಿ, ಬೆರಳು ಆಡಿಸ್ತಾ ಇರಿ, ಭಾರ ಎತ್ತಬೇಡಿ. ಮುಂದಿನ ಮಂಗಳವಾರ ಹೊಲಿಗೆ ತೆಗೆಯೋಕೆ ಬರಬೇಕು, ಒಂಬತ್ತಕ್ಕೇ ಬಂದುಬಿಡಿ, ಹನ್ನೊಂದರ ಬಸ್ಸಿಗೆ ವಾಪಸ್ ಹೋಗಬಹುದು’ ಎಂದರು. ಎರಡು ನಿಮಿಷವೂ ಆಗಲಿಲ್ಲ. ಅಜ್ಜಿ ಆ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಚಂದ್ರನಿದ್ದದ್ದನ್ನು ಬೇರೆ ಮಾಡಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು.